ಯಾವ ಕೂಡು?

ನಮ್ಮ ಮನೆಯ ಮಣೆ ಕುಂಟುತ್ತದೆ. ಬೇವಿನ ಹಲಗೆಯ ಹಳೆಯ ಮಣೆ, ಒಬ್ಬರು ಚಕ್ಕಳಮಕ್ಕಳ ಹಾಕಿ ಕೂತರೆ ಎರಡೂ ಮೊಣಕಾಲು ಹೊರಗೆ ಉಳಿಯುವಷ್ಟು ಅಗಲದ್ದು. ಕೆಳಗಿನ ನಾಲ್ಕು ಗಿಡ್ಡ ಕಾಲುಗಳಲ್ಲಿ ಒಂದು ಅರ್ಧ ಮುರಿದಿದೆ. ಹಾಗಾಗಿ ಅದರ ಮೇಲೆ ಕೂತವರು ತುತ್ತು ಎತ್ತಿದರೆ ಟಕ್ ಎಂದು ಈ ಕಡೆ ವಾಲುತ್ತದೆ, ತುತ್ತು ನುಂಗಿದರೆ ಟಕ್ ಎಂದು ಆ ಕಡೆ. ಗೊತ್ತಿಲ್ಲದೆ ಕೂತ ಬೀಗರೊಬ್ಬರು ಸಾರಿನ ಬಟ್ಟಲನ್ನು ಮಡಿಲಿಗೆ ಸುರಿದುಕೊಂಡ ಮೇಲೆ ಅದನ್ನು ಯಾರಿಗೂ ಕೊಡುವುದಿಲ್ಲ, ಗೋಡೆಗೊರಗಿ ನಿಂತಿರುತ್ತದೆ. ಬಡಿಗನ ಹತ್ತಿರ ಒಯ್ಯುತ್ತೇನೆಂದು ಮೊಮ್ಮಗ ಮೂರು ಸಲ ಕೈ ಹಾಕಿದ್ದಾನೆ, ಮೂರು ಸಲವೂ ಗದರಿಸಿದ್ದೇನೆ. ಮುದುಕಿಗೆ ಹಳೆಯ ಸಾಮಾನಿನ ಮೋಹ ಎಂದು ಅವನು ತಿಳಿದಿದ್ದಾನೆ. ಮೋಹ ಗೀಹ ಏನೂ ಇಲ್ಲ. ಹಿತ್ತಾಳೆಯ ಕೊಡಗಳನ್ನೆಲ್ಲ ಗುಜರಿಗೆ ಹಾಕಿ ಸ್ಟೀಲು ತಂದವಳು ನಾನೇ. ಈ ಮಣೆಗೆ ಕುಂಟು ಬಂದದ್ದು ಹೇಗೆ ಎಂಬುದು ಬೇರೆ ಮಾತು, ಮತ್ತು ಅದು ನಿಜಕ್ಕೂ ಮಾತಿನದೇ ಮಾತು.

ಮೊಮ್ಮಗನ ಹೆಂಡತಿ ಅಂಗನವಾಡಿಯಲ್ಲಿ ಕೆಲಸ ಮಾಡುತ್ತಾಳೆ. ಮೊನ್ನೆ ತರಬೇತಿ ಮುಗಿಸಿ ಬಂದವಳು ಚಹಾ ಕುಡಿಯುತ್ತ ಹೇಳಿದಳು: “ಸಣ್ಣ ಮಕ್ಕಳಿಗಿ ಕುಂದ್ರಿಸಿ ಮಾತು ಕಲಸಬಾರದಂತ್ರೀ ಅಮ್ಮಾ. ಜಿಗಿಸ್ಬೇಕಂತ, ಓಡಿಸ್ಬೇಕಂತ, ಕುಣಿಸ್ಬೇಕಂತ. ಮೈ ಆಡಿದ್ರ ಮಾತೂ ಆಡ್ತದಂತ.”

“ಇಷ್ಟು ಹೇಳಲಾಕ ಎಷ್ಟು ದಿನಾ ತಗೊಂಡ್ರು?”

“ಐದು ದಿನರೀ.”

“ನನಗ ಮೂರು ತಿಂಗಳು ಹಿಡೀತು.”

“ನಿಮಗ್ಯಾರು ತರಬೇತಿ ಕೊಟ್ರರೀ?”

“ಅಕಾ, ಗ್ವಾಡಿಗಿ ನಿಂತದಲ್ಲ, ಅದು.”

ಅವಳು ಮಣೆಯನ್ನು ನೋಡಿದಳು, ನನ್ನನ್ನು ನೋಡಿದಳು, ಬಿಸ್ಕೀಟನ್ನು ಚಹಾದಲ್ಲಿ ಅದ್ದಿದಳು. ಅಜ್ಜಿಗೆ ಅರಳುಮರಳು ಶುರುವಾಯಿತು ಎಂದು ಮನಸ್ಸಿನಲ್ಲಿ ಅಂದುಕೊಂಡದ್ದು ಮುಖದ ಮೇಲೇ ಇತ್ತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ನೀವೂ ಬನ್ನಿ, ಕೂತು ಓದಿ. ಈ ‘ಕೂತು’ ಎಂಬ ಮಾತನ್ನು ಮಾತ್ರ ಕೊಂಚ ಗಟ್ಟಿಯಾಗಿ ಹಿಡಿದುಕೊಂಡಿರಿ. ಮುಂದೆ ಅದು ಕೈಯಿಂದ ಜಿಗಿದು ಹೋಗುವುದಿದೆ.

ನಾನು ಸಣ್ಣವಳಿದ್ದಾಗ ಕಲಬುರಗಿಯ ಶಹಾಬಜಾರದ ಒಂದು ಇಕ್ಕಟ್ಟಿನ ಓಣಿಯಲ್ಲಿ ನಮ್ಮ ಮನೆ. ಅಪ್ಪನದು ಬೆಲ್ಲದ ಅಂಗಡಿ. ಹಿತ್ತಲ ಗೋಡೆಯ ಆಚೆ ಟಾಂಗಾ ಹೊಡೆಯುವವರ ಮನೆ. ಆ ಮನೆಯಾಕೆಯನ್ನು ನಾವೆಲ್ಲ ಖಾಲಾ ಎನ್ನುತ್ತಿದ್ದೆವು, ಚಿಕ್ಕವ್ವ ಅಂದ ಹಾಗೆ. ಎರಡೂ ಮನೆಗಳ ಮುಂಬಾಗಿಲು ಒಂದೇ ಓಣಿಯ ಎರಡು ತಿರುವಿಗೆ ಇದ್ದವು. ಆದರೆ ಸಾರು, ಸುಣ್ಣ, ಬೆಂಕಿಯ ಕೆಂಡ ಎಲ್ಲ ಓಡಾಡುತ್ತಿದ್ದದ್ದು ಹಿತ್ತಲ ಗೋಡೆಯ ಮೇಲಿಂದಲೇ. ನಾನು ಉರ್ದು ಶಾಲೆಗೆ ದೂಸ್ರಿ ಜಮಾತಿನವರೆಗೆ, ಅಂದರೆ ಎರಡನೆಯ ತರಗತಿಯವರೆಗೆ ಹೋದೆ. ಆಮೇಲೆ ಗಲಾಟೆ ಶುರುವಾಯಿತು, ಶಾಲೆ ತಪ್ಪಿತು. ಕನ್ನಡದ ಅಕ್ಷರ ಕಲಿತದ್ದು ಎಷ್ಟೋ ವರ್ಷಗಳ ಮೇಲೆ, ಮಗನ ಪಾಟಿಯಲ್ಲಿ.

ಗಲಾಟೆ ಎಂದರೆ ನಿಜಾಮರ ರಾಜ್ಯದ ಕಡೆಯ ದಿನಗಳು, ನಿಜಾಮರ ಪರ ಬಂದೂಕು ಹಿಡಿದು ಮನೆ ಮನೆ ತಡಕುತ್ತಿದ್ದ ರಜಾಕಾರರ ಕಾಲ. ಅಪ್ಪ ಒಂದು ದಿನ ಸೊಲ್ಲಾಪುರದ ಕಡೆಗೆ ಹೊರಟುಹೋದ. ಊರಿನ ಬಹಳ ಗಂಡಸರು ಹಾಗೆ ಗಡಿ ದಾಟಿ ಹೋದರು. ಮನೆಯಲ್ಲಿ ಉಳಿದವರು ಅವ್ವ, ನಾನು, ಮತ್ತು ಆಗಿನ್ನೂ ಹೆಜ್ಜೆ ಹಾಕಲು ಕಲಿಯುತ್ತಿದ್ದ ತಂಗಿ ಚೆನ್ನಿ. ಖಾಲಾ ನಮ್ಮ ಮುಂಬಾಗಿಲಿಗೆ ಹೊರಗಿನಿಂದ ಬೀಗ ಜಡಿದಳು. ಹೊರಗೆ ಬೀಗ, ಒಳಗೆ ನಾವು. ಮನೆ ಖಾಲಿ ಇದೆ, ಮಂದಿ ಊರು ಬಿಟ್ಟಿದ್ದಾರೆ ಎಂದು ಓಣಿಗೆ ತೋರಿಸುವ ಉಪಾಯ ಅದು. ಆದರೆ ಖಾಲಿ ಮನೆ ಅಳುವುದಿಲ್ಲ, ಚೆನ್ನಿ ಅಳುತ್ತಿದ್ದಳು. ಅವ್ವ ಅಂಗೈಯಿಂದ ಅವಳ ಬಾಯಿ ಮುಚ್ಚುತ್ತಿದ್ದಳು. ಒಮ್ಮೆ ಎಷ್ಟು ಹೊತ್ತು ಮುಚ್ಚಿದಳೆಂದರೆ ಕೂಸಿನ ತುಟಿ ನೀಲಿಯಾಯಿತು. ಅಂದಿನಿಂದ ಬೆಳಕು ಹರಿಯುವ ಮುಂಚೆ ಚೆನ್ನಿಯನ್ನು ಹಿತ್ತಲ ಗೋಡೆಯ ಮೇಲಿಂದ ಖಾಲಾಳ ಕೈಗೆ ದಾಟಿಸುವುದು, ದೀಪ ಹಚ್ಚುವ ಹೊತ್ತಿಗೆ ಮರಳಿ ತೆಗೆದುಕೊಳ್ಳುವುದು ಎಂದಾಯಿತು. ಮುಸಲ್ಮಾನರ ಮನೆ, ಅದನ್ನು ಯಾರೂ ತಡಕುತ್ತಿರಲಿಲ್ಲ. ಒಂದು ವರ್ಷಕ್ಕೂ ಮೇಲೆ ಆ ಹುಡುಗಿ ಸಾರಿನ ಬಟ್ಟಲಿನಂತೆ ಗೋಡೆಯ ಮೇಲೆ ಹೋಗಿ ಬಂದು ಮಾಡಿದಳು.

ನಮ್ಮ ಮನೆಯಲ್ಲಿ ಆಗ ಮಾತೇ ಇರಲಿಲ್ಲ. ಅವ್ವ ಮತ್ತು ನಾನು ಕಣ್ಣಿನಿಂದ, ಕೈಯಿಂದ ಮಾತಾಡುವುದನ್ನು ಕಲಿತುಬಿಟ್ಟಿದ್ದೆವು. ಉಪ್ಪು ಎನ್ನಲು ಎರಡು ಬೆರಳು ಉಜ್ಜಿದರೆ ಆಯಿತು. ಚೆನ್ನಿ ನಮ್ಮಲ್ಲಿ ಇರುತ್ತಿದ್ದದ್ದು ನಿದ್ದೆಗಷ್ಟೇ. ಎಚ್ಚರದಲ್ಲಿ ಅವಳು ಏನು ಕೇಳುತ್ತಿದ್ದಳು, ಏನು ಆಡುತ್ತಿದ್ದಳು ಎಂಬುದು ಗೋಡೆಯ ಆಚೆಯ ವಿಷಯ. ನಾವು ಕೇಳಲೂ ಇಲ್ಲ. ಜೀವ ಉಳಿದಿದೆ, ಹೊಟ್ಟೆ ತುಂಬಿದೆ, ಅಷ್ಟು ಸಾಕಿತ್ತು.

ಭಾದ್ರಪದದಲ್ಲಿ ಪೊಲೀಸ್ ಆಕ್ಷನ್ ಆಯಿತು. ಮಿಲಿಟರಿ ಬಂತು, ನಿಜಾಮರ ಆಳಿಕೆ ಮುಗಿಯಿತು, ಅಪ್ಪ ಗಡ್ಡ ಬೆಳೆಸಿಕೊಂಡು ಬಂದ. ನಮ್ಮ ಬೀಗ ತೆಗೆಯಿತು. ಅದೇ ವಾರ ಖಾಲಾಳ ಮನೆಯ ಕದ ಮುಚ್ಚಿತು. ಟಾಂಗಾ ಹೊರಗೆ ಬರಲಿಲ್ಲ, ಕುದುರೆ ಒಳಗೇ ಕಾಲು ಕೆದರುವುದು ನಮ್ಮ ಹಿತ್ತಲಿಗೆ ಕೇಳಿಸುತ್ತಿತ್ತು. ಈಗ ಹೆದರುವ ಪಾಳಿ ಅವರದು. ಅವರ ಕದಕ್ಕೆ ಹೊರಗಿನಿಂದ ಬೀಗ ಹಾಕಿ, ಮನೆ ಖಾಲಿ ಇದೆ ಎಂದು ಓಣಿಗೆ ತೋರಿಸಲು ನಮ್ಮಲ್ಲಿ ಯಾರೂ ಹೋಗಲಿಲ್ಲ. ಗೋಡೆಯ ಮೇಲಿಂದ ಒಂದು ಬಟ್ಟಲು ಸಾರನ್ನೂ ದಾಟಿಸಲಿಲ್ಲ. ಯಾಕೆ ಎಂದು ಕೇಳಿದರೆ ಹೆದರಿಕೆ ಎಂದೇ ಹೇಳಬೇಕು. ಅವರು ನಮಗಾಗಿ ತೋರಿದಷ್ಟು ಧೈರ್ಯವನ್ನು ನಾವು ಅವರಿಗಾಗಿ ತೋರಲಿಲ್ಲ.

ಚೆನ್ನಿಗೆ ಮೂರು ತುಂಬುತ್ತ ಬಂದಿತ್ತು. ಒಂದು ಮಾತೂ ಬಂದಿರಲಿಲ್ಲ. ದಿನವೆಲ್ಲ ಹಿತ್ತಲ ಗೋಡೆಗೆ ಬೆನ್ನು ಕೊಟ್ಟು ನಿಂತಿರುತ್ತಿದ್ದಳು. ಅಪ್ಪ ಕಿವಿಯ ಹಿಂದೆ ಚಪ್ಪಾಳೆ ಹೊಡೆದರೆ ತಿರುಗಿ ನೋಡುತ್ತಿದ್ದಳು, ಒಮ್ಮೊಮ್ಮೆ ನೋಡುತ್ತಿರಲಿಲ್ಲ. ಬಜೆಯ ಬೇರು ತೇಯ್ದು ನಾಲಗೆಗೆ ಹಚ್ಚಿದೆವು. ಚಿನ್ನದ ಉಂಗುರ ಮುಟ್ಟಿಸಿದೆವು. ಇದರ ಜೊತೆಗೆ ಒಂದು ವಿಚಿತ್ರ ಹಟ ಬೇರೆ: ಊಟಕ್ಕೆ ಕೂಡು ಎಂದರೆ ಜಿಗಿಯುತ್ತಿದ್ದಳು. ಸುಮ್ಮನೆ ಕೂಡು ಎಂದು ಗದರಿಸಿದರೆ ಇನ್ನೂ ಎತ್ತರ ಜಿಗಿಯುತ್ತಿದ್ದಳು. ಅವ್ವ ಬೆನ್ನಿಗೆ ಒಂದು ಹಾಕಿ, ಭುಜ ಒತ್ತಿ ಕೂರಿಸುತ್ತಿದ್ದಳು. ಕಿವುಡು ಇರಬೇಕು, ಇಲ್ಲವೇ ತಲೆಯಲ್ಲೇ ಏನೋ ಕಡಿಮೆ ಇರಬೇಕು ಎಂದು ಓಣಿ ತೀರ್ಮಾನ ಮಾಡಿತು.

ಎಳ್ಳಮಾವಾಸ್ಯೆಗೆ ಕಮಲಾಪುರಕ್ಕೆ ಹೋದೆವು, ಅವ್ವನ ತವರಿಗೆ. ಅಲ್ಲಿ ಆಯಿ ಇದ್ದಳು, ಅವ್ವನ ತಾಯಿ. ಹೊಲ, ಮನೆ, ಮೂವರು ಗಂಡುಮಕ್ಕಳು, ಎಲ್ಲವನ್ನೂ ಹುಬ್ಬಿನಲ್ಲೇ ಆಳುವ ಹೆಂಗಸು. ಹೊಲದಲ್ಲಿ ಭೂತಾಯಿಗೆ ಎಡೆಯ ಚರಗ ಚೆಲ್ಲಿ, ಭಜ್ಜಿ ಕಡುಬು ಉಂಡು ಬಂದ ಮಾರನೆಯ ದಿನ ಬೆಳಿಗ್ಗೆ ನೋಡುತ್ತೇನೆ, ಪಡಸಾಲೆಯಲ್ಲಿ ಬರೆ ಹಾಕುವ ಮುದುಕ ಕೂತಿದ್ದಾನೆ. ಎದುರಿಗೆ ಎಣ್ಣೆಯ ದೀಪ, ಪಕ್ಕದಲ್ಲಿ ಅರಿಶಿಣದ ಕೊಂಬು. ಕೊಂಬಿನ ತುದಿಯನ್ನು ದೀಪದ ಕುಡಿಗೆ ಹಿಡಿದು ಕೆಂಡ ಮಾಡಿ ಮೈಗೆ ಒತ್ತುವುದು. ಜ್ವರಕ್ಕೆ ಹೊಟ್ಟೆಯ ಮೇಲೆ, ಮಾತು ಬಾರದವರಿಗೆ ಕಿವಿಯ ಹಿಂದೆ ಒಂದು, ಗದ್ದದ ಕೆಳಗೆ ಒಂದು. ಆ ಮುದುಕ ಕೆಟ್ಟವನೇನೂ ಅಲ್ಲ, ಒತ್ತಿದ ಮೇಲೆ ತಾನೇ ಉಫ್ ಎಂದು ಊದುತ್ತಿದ್ದ. ನನ್ನ ಹೊಟ್ಟೆಯ ಮೇಲೂ ಅವನದೇ ಎರಡು ಗುರುತುಗಳಿವೆ. ಐದು ವರ್ಷದವಳಿದ್ದಾಗ ಹಾಕಿದ್ದು. ಸುಟ್ಟ ಅರಿಶಿಣದ ವಾಸನೆಗೆ ಈಗಲೂ ನನಗೆ ಹೊಟ್ಟೆ ಒಳಕ್ಕೆ ಎಳೆಯುತ್ತದೆ.

ಆಯಿ ಬೇವಿನ ಮಣೆ ತಂದು ಮುದುಕನ ಎದುರು ಇಟ್ಟಳು. ಚೆನ್ನಿಯ ರಟ್ಟೆ ಹಿಡಿದು ತಂದು ಅದರ ಮೇಲೆ ನಿಲ್ಲಿಸಿದಳು.

“ಕೂಡವ್ವ.”

ಚೆನ್ನಿ ಎರಡೂ ಕಾಲು ಜೋಡಿಸಿ ಮಣೆಯಿಂದ ನೆಲಕ್ಕೆ ಜಿಗಿದಳು.

“ನೋಡ್ರಿ, ಹಿಂಗ ನೋಡ್ರಿ ಈಕಿದು!” ಆಯಿ ಅವಳನ್ನು ಎತ್ತಿ ಮತ್ತೆ ಮಣೆಯ ಮೇಲೆ ನಿಲ್ಲಿಸಿದಳು. “ಕೂಡಂದ್ರ ಜಿಗಿತಾಳ. ಏ ಪೋರಿ, ಕೂಡು!”

ಚೆನ್ನಿ ಜಿಗಿದಳು. ಆಯಿಯ ಸಿಟ್ಟು ನೆತ್ತಿಗೇರಿತು. ಹುಡುಗಿಯನ್ನು ಮೂರನೆಯ ಸಲ ಮಣೆಗೆ ಏರಿಸಿ ಕಿವಿಯ ಹತ್ತಿರ ಬಾಯಿ ತಂದು ಕೂಗಿದಳು: “ಕೂಡ್! ಕೂಡ್! ಕೂಡ್!”

ಮೂರು ಕೂಡಿಗೆ ಮೂರು ಜಿಗಿತ, ಎಲ್ಲ ಮಣೆಯ ಮೇಲೆಯೇ. ಮೂರನೆಯದಕ್ಕೆ ಕಟ್ ಎಂದು ಮಣೆಯ ಕಾಲು ಮುರಿಯಿತು.

ಆಯಿ ಕೈ ಎತ್ತಿದಳು. ನಾನು ನೋಡುತ್ತಿದ್ದದ್ದು ಚೆನ್ನಿಯ ಮುಖವನ್ನು. ಹಟ ಮಾಡುವ ಮಕ್ಕಳ ಮುಖ ನಿಮಗೂ ಗೊತ್ತಿರುತ್ತದೆ, ಗದ್ದ ಮುಂದೆ ಬಂದಿರುತ್ತದೆ. ಇವಳ ಮುಖ ಹಾಗಿರಲಿಲ್ಲ. ಹೇಳಿದ್ದನ್ನು ಸರಿಯಾಗಿ ಮಾಡಿ, ಇನ್ನೇನು ಶಾಬಾಸ್ ಎನ್ನುತ್ತಾರೆ ಎಂದು ಕಾಯುವ ಮುಖ. ಪ್ರತಿ ಜಿಗಿತಕ್ಕೂ ತಲೆ ಎತ್ತಿ ಆಯಿಯನ್ನು ನೋಡುತ್ತಿದ್ದಳು. ಆಗ ನನಗೆ ನಮ್ಮ ಉರ್ದು ಶಾಲೆಯ ಮಾಸ್ತರರು ನೆನಪಾದರು. ನಾವು ಹಲಗೆಯಿಂದ ಹಲಗೆಗೆ ಹಾರುತ್ತಿದ್ದರೆ ಅವರು ಬೆತ್ತ ಬಡಿದು ಕೂಗುತ್ತಿದ್ದದ್ದು ಒಂದೇ ಮಾತು: ಕೂದೋ ಮತ್, ಬೈಠೋ. ಜಿಗಿಯಬೇಡಿ, ಕೂತುಕೊಳ್ಳಿ.

ಕೂದ್. ನಮ್ಮ ಕೂಡು, ಅವರ ಕೂದ್. ನಮ್ಮಲ್ಲಿ ಕೂತುಕೋ, ಅವರಲ್ಲಿ ಜಿಗಿ. ನಾಲಗೆ ಒಂದು ಕೂದಲೆಳೆಯಷ್ಟು ಹಿಂದೆ ಮುಂದೆ ಆದರೆ ಕೂತವರು ಎದ್ದು ಹಾರಬೇಕು.

“ಬೈಠ್, ಚೆನ್ನಿ,” ಎಂದೆ.

ಅವಳು ಮುರಿದ ಮಣೆಯ ನಟ್ಟನಡುವೆ ಕೂತಳು. ಮಣೆ ಟಕ್ ಎಂದು ವಾಲಿತು. ಎರಡೂ ಕೈ ಮೊಣಕಾಲ ಮೇಲೆ ಇಟ್ಟುಕೊಂಡು, ಬೆನ್ನು ನೆಟ್ಟಗೆ ಮಾಡಿ, ಮತ್ತೆ ಶಾಬಾಸ್‌ಗಿರಿಗಾಗಿ ಆಯಿಯನ್ನು ನೋಡಿದಳು.

ಮೊದಲು ಬಾಯಿ ಬಿಟ್ಟವನು ಮುದುಕ.

“ಕಿವಿ ಛಲೋ ಅದಾವ. ಹಂಗಾರ ನಾಲಗಿ ಕಟ್ಟೇದ. ಹಾಕೂನೇನ್ರೀ?”

“ಬ್ಯಾಡ ಆಯಿ,” ಎಂದೆ. “ನಾ ಮಾತಾಡಸ್ತೀನಿ ಈಕಿಗಿ.”

“ನೀ ಯಾವ ಊರಿನ ವೈದ್ಯಗಿತ್ತಿ?”

ಅವ್ವ ಎದ್ದು ಬಂದು ದೀಪ ಮತ್ತು ಚೆನ್ನಿಯ ನಡುವೆ ನಿಂತಳು. ಆಯಿ ಮಗಳ ಮುಖ ನೋಡಿ, ಅರಿಶಿಣದ ಕೊಂಬನ್ನು ತೆಗೆದುಕೊಂಡು ಸೆರಗಿನ ತುದಿಗೆ ಗಂಟು ಹಾಕಿದಳು.

“ಯುಗಾದಿಗಿ ನಾನೇ ಅಲ್ಲಿಗಿ ಬರ್ತೀನಿ. ಅಷ್ಟೊತ್ತಿಗಿ ಬಾಯಿ ಬಿಟ್ಟಿದ್ಲಂದ್ರ ಸರಿ. ಇಲ್ಲಂದ್ರ ಇದು ಇಲ್ಲೇ ಇರ್ತದ, ಈ ಮುತ್ಯಾನ್ನೂ ಕರಕೊಂಡ ಬರ್ತೀನಿ. ಮಣಿ ಮುರದದ್ದು ಬ್ಯಾರೆ.”

ಚೆನ್ನಿ ಮಣೆಯನ್ನು ಬಿಡಲಿಲ್ಲ. ಎಬ್ಬಿಸಲು ಹೋದರೆ ಎರಡೂ ಕೈಯಿಂದ ಹಿಡಿದುಕೊಂಡಳು. ಕಡೆಗೆ ಅದೂ ಬಂಡಿಯಲ್ಲಿ ನಮ್ಮ ಜೊತೆ ಕಲಬುರಗಿಗೆ ಬಂತು.

ಖಾಲಾಳ ಹತ್ತಿರ ಹೋಗಬೇಕು ಎಂದೆ. ಅವ್ವ ರೊಟ್ಟಿ ತಟ್ಟುವ ಕೈ ನಿಲ್ಲಿಸಿದಳು. “ಈಗ ಆ ಮನಿಗಿ ಹೋದ್ರ ಓಣಿ ಮಂದಿ ಏನಂದಾರು?”

“ಆಕಿ ಚೆನ್ನಿಗಿ ಗ್ವಾಡಿ ಮ್ಯಾಲಿಂದ ತಗೊಂಡಾಗ ಓಣಿ ಮಂದಿ ಆಕಿಗಿ ಏನಂತಿದ್ರು?”

ಕೆನ್ನೆಗೆ ಒಂದು ಬಿತ್ತು, ಹಿಟ್ಟಿನ ಕೈಯದು. ಆಮೇಲೆ ಅವ್ವ ಮಾತಾಡಲಿಲ್ಲ. ನಮ್ಮ ಮನೆಯಲ್ಲಿ ಮಾತಾಡದಿದ್ದರೆ ಒಪ್ಪಿಗೆ. ಮುಖದ ಹಿಟ್ಟು ಒರೆಸಿಕೊಂಡು ಹಿತ್ತಲಿಗೆ ಹೋದೆ. ಮೊದಲು ಮಣೆಯನ್ನು ಗೋಡೆ ದಾಟಿಸಿದೆ, ಆಮೇಲೆ ಚೆನ್ನಿಯನ್ನು, ಆಮೇಲೆ ನಾನು.

ಖಾಲಾ ಕುದುರೆಗೆ ಹುಲ್ಲು ಹಾಕುತ್ತಿದ್ದಳು. ಅರ್ಧ ಆಗಿದ್ದಳು. ನಾಲ್ಕು ತಿಂಗಳಿಂದ ನೀವೆಲ್ಲಿ ಸತ್ತಿದ್ದಿರಿ ಎಂದು ಅವಳು ಕೇಳಬಹುದಿತ್ತು, ಕೇಳಲಿಲ್ಲ. ಚೆನ್ನಿ ನೆಟ್ಟಗೆ ಅವಳ ಹತ್ತಿರ ಹೋಗಿ, ಸೆರಗು ಜಗ್ಗಿ ಬಗ್ಗಿಸಿ, ಕಿವಿಗೆ ಬಾಯಿ ಹಚ್ಚಿದಳು. ತುಟಿ ಅಲುಗಿತು. ಖಾಲಾ ತಲೆ ಆಡಿಸಿ, ಅವಳ ಕಿವಿಯಲ್ಲಿ ಏನೋ ಹೇಳಿದಳು.

ನಾನು ಮಣೆಯನ್ನು ಅಲ್ಲೇ ಕೆಳಗಿಟ್ಟೆ. “ಖಾಲಾ, ಈಕಿ ಮಾತಾಡ್ತಾಳೇನು?”

“ಅರೇ, ಬೋಲ್ತೀ ನಾ! ಕಿವಿದಾಗ ಹೇಳ್ತಾಳ. ಮೊದಲಿಂದ ಹಂಗೇ.”

“ಈಗ ಏನಂದಳು?”

ಖಾಲಾ ಸೆರಗಿನಿಂದ ಮೂಗು ಒರೆಸಿಕೊಂಡಳು. “ತಾಲಾ ಹೈ ಕ್ಯಾ, ಅಂದಳು. ಬೀಗ ಅದ ಏನು ಅಂತ.”

ಬೀಗ ಇರುವತನಕ ಮಾತೆಲ್ಲ ಕಿವಿಯಲ್ಲಿ ಎಂದು ಖಾಲಾ ಅವಳಿಗೆ ನೇಮ ಹಾಕಿಕೊಟ್ಟಿದ್ದಳು. ಮಣೆಯಂಥದೇ ಒಂದು ಪೀಠದ ಮೇಲೆ ನಿಲ್ಲಿಸಿ ಕೂದ್ ಎಂದು ಪಿಸುಗುಟ್ಟುವುದು, ಜಿಗಿದವಳನ್ನು ಸದ್ದಾಗದಂತೆ ಸೆರಗಿನಲ್ಲಿ ಹಿಡಿಯುವುದು, ಇದೇ ಅವರ ಆಟ. ಬೀಗ ತೆಗೆದ ದಿನ ನಾವೆಲ್ಲ ಉಸಿರು ಬಿಟ್ಟೆವು, ಗಂಟಲು ಬಿಟ್ಟೆವು. ತೆಗೆಯಿತು ಎಂದು ಚೆನ್ನಿಗೆ ಮಾತ್ರ ಯಾರೂ ಹೇಳಿರಲಿಲ್ಲ, ಅವಳ ಬಾಯಿಗೆ ಕಿವಿ ಬಗ್ಗಿಸಿಯೂ ಇರಲಿಲ್ಲ.

ಅವಳನ್ನು ನಮ್ಮ ಮುಂಬಾಗಿಲಿಗೆ ಒಯ್ದು ತೋರಿಸಿದೆ, ನೋಡು, ಬೀಗ ಇಲ್ಲ. ಅಗುಳಿಯನ್ನು ಮುಟ್ಟಿ ನೋಡಿದಳು. ನಂಬಿದಳು ಅಂತಲೂ ಕಾಣಿಸಿತು. ಆದರೆ ನಂಬಿಕೆ ತಲೆಯಲ್ಲಿ ಇರುತ್ತದೆ, ಪಿಸುಮಾತು ಗಂಟಲಲ್ಲಿ ಕೂತುಬಿಟ್ಟಿತ್ತು. ಅದನ್ನು ಎಬ್ಬಿಸುವ ಬಗೆ ಖಾಲಾಗೂ ಗೊತ್ತಿರಲಿಲ್ಲ, ನನಗೂ ಇಲ್ಲ. ಗೊತ್ತಿಲ್ಲದೆಯೇ ಹಳೆಯ ಆಟಕ್ಕೆ ಹಚ್ಚಿದೆವು. ಮಣೆಯನ್ನು ಅಂಗಳದಲ್ಲಿ ಇಟ್ಟು ಕೂದ್ ಎಂದೆವು, ಈ ಸಲ ಗಟ್ಟಿಯಾಗಿ. ಜಿಗಿದಳು. ನೆಲ ಮುಟ್ಟಿದಾಗ ಅವಳ ಬಾಯಿಂದ ‘ಹುಪ್’ ಎಂದು ಒಂದು ಸದ್ದು ಬಿತ್ತು.

ನೀವೇ ಮಾಡಿ ನೋಡಿ, ಜಿಗಿಯುವಾಗ ಪಿಸುಗುಟ್ಟಲು ಬರುವುದಿಲ್ಲ. ನನ್ನ ಪ್ರಾಯದವರು ಮಾಡುವುದು ಬೇಡ, ಸೊಂಟ ಹಿಡಿದೀತು. ಕಾಲು ನೆಲಕ್ಕೆ ಬಡಿದಾಗ ಹೊಟ್ಟೆಯೊಳಗಿನ ಗಾಳಿ ತಾನೇ ಮೇಲೆ ಬರುತ್ತದೆ, ಬರುವಾಗ ದನಿಯನ್ನು ಕುತ್ತಿಗೆ ಹಿಡಿದು ಹೊರಗೆ ದಬ್ಬುತ್ತದೆ. ಆಮೇಲೆ ನಮ್ಮ ಕೆಲಸ ಇಷ್ಟೇ ಆಯಿತು, ಆ ಬಿದ್ದ ಸದ್ದಿಗೆ ಒಂದು ಮಾತಿನ ಅಂಗಿ ತೊಡಿಸುವುದು. ಹೊಸ್ತಿಲಿನ ಈಚೆ ಜಿಗಿದರೆ ಒಳಗ, ಆಚೆ ಜಿಗಿದರೆ ಹೊರಗ. ಮಾಳಿಗೆಯ ಮೆಟ್ಟಿಲಲ್ಲಿ ಒಂದಕ್ಕೆ ನಾನು ಮ್ಯಾಲ ಎಂದರೆ ಇನ್ನೊಂದಕ್ಕೆ ಖಾಲಾ ಊಪರ್ ಎನ್ನುವಳು. ಇಳಿಯುವಾಗ ಕೆಳಗ ಒಂದು, ನೀಚೇ ಒಂದು. ಯಾವುದು ಯಾರ ಮಾತು ಎಂದು ಬೇರೆ ಮಾಡುವಷ್ಟು ಪುರುಸೊತ್ತು ನಮಗಿರಲಿಲ್ಲ. ಕುದುರೆಯಂತೆ ಓಡುವುದು, ನೀರಿನ ಹಂಡೆಯಂತೆ ಹೊಟ್ಟೆ ಉಬ್ಬಿಸಿ ನಡೆಯುವುದು, ಬೀಸುಕಲ್ಲಿನಂತೆ ಗರಗರ ತಿರುಗುವುದು. ಆಟದಲ್ಲಿ ಅವಳು ಬಾರದ ಮಾತಿಗೆ ಹೆದರುವುದನ್ನೇ ಮರೆಯುತ್ತಿದ್ದಳು. ಆದರೆ ಗಟ್ಟಿಯಾಗಿ ಬರುತ್ತಿದ್ದದ್ದು ಹುಪ್, ಹೂ, ಹಾ. ಮಾತು ಎಂಬುದು ಇನ್ನೂ ಕಿವಿಯಲ್ಲೇ.

ಕನ್ನಡದಲ್ಲಿ ನಡೆನುಡಿ ಎನ್ನುತ್ತೇವೆ, ನುಡಿನಡೆ ಎಂದು ಯಾರೂ ಅಂದದ್ದು ಕೇಳಿಲ್ಲ. ಮೊದಲು ನಡೆ, ಅದರ ಬೆನ್ನು ಹಿಡಿದು ನುಡಿ. ಮಗುವಿಗೆ ಮಾತು ಬಂತು ಎನ್ನುತ್ತೇವೆ, ಎಲ್ಲಿಂದಲೋ ನಡೆದು ಬಂದ ನೆಂಟರಂತೆ. ದೊಡ್ಡವರಾದ ಮೇಲೆ ಅದೇ ಮಾತು ಓಡುತ್ತದೆ, ಜಾರುತ್ತದೆ, ತಡವರಿಸುತ್ತದೆ, ದಾರಿ ತಪ್ಪುತ್ತದೆ, ಹದ್ದು ಮೀರುತ್ತದೆ. ಮಾತಿಗೆ ಇಷ್ಟೆಲ್ಲ ಕಾಲುಗಳನ್ನು ಕೊಟ್ಟಿರುವ ನಾವೇ, ಕಲಿಯುವ ಹೊತ್ತಿಗೆ ಮಾತ್ರ ಮಕ್ಕಳ ಕಾಲು ಮಡಚಿಸಿ ಕೂರಿಸುತ್ತೇವೆ. ಆಗ ನನಗೆ ಇಷ್ಟೆಲ್ಲ ಹೊಳೆದಿತ್ತು ಎಂದು ಹೇಳಿದರೆ ಸುಳ್ಳಾದೀತು. ಆಗ ಇದ್ದದ್ದು ಒಂದೇ ಲೆಕ್ಕ, ಯುಗಾದಿಗೆ ಎಷ್ಟು ದಿನ ಉಳಿಯಿತು ಎಂಬುದು.

ಹೋಳಿ ಹುಣ್ಣಿಮೆ ಕಳೆಯಿತು. ಉಳಿದದ್ದು ಹದಿನೈದು ದಿನ. ಖಾಲಾ ಆಟವನ್ನು ತಿರುವಿ ಹಾಕಿದಳು. “ಇನ್ನ ಮುಂದ ಜಿಗಿಯೋರು ನಾವು, ಹೇಳೋಳು ಆಕಿ,” ಎಂದಳು. ಅಂಗಳ ಸಾಲದೆಂದು ಓಣಿಗೆ ಬಂದೆವು; ಪೊಲೀಸ್ ಆಕ್ಷನ್ ಆದ ಮೇಲೆ ಖಾಲಾ ಕದ ತೆರೆದು ಹೊಸ್ತಿಲ ಹೊರಗೆ ಕಾಲಿಟ್ಟದ್ದು ಅದೇ ಮೊದಲು. ಎರಡು ಕಟ್ಟೆಯ ಮೇಲೆ ಕೂತಿದ್ದ ಹೆಂಗಸರು ನೋಡಿದರು. ನೋಡಲಿ ಎಂದು ಬಿಟ್ಟೆವು. ಚೆನ್ನಿಯನ್ನು ಓಣಿಯ ಈ ತುದಿಯಲ್ಲಿ ಮಣೆಯ ಮೇಲೆ ನ್ಯಾಯಾಧೀಶರಂತೆ ನಿಲ್ಲಿಸಿ ನಾವಿಬ್ಬರೂ ಆ ತುದಿಗೆ ಹೋಗಿ ನಿಂತೆವು. ಅವಳು ಹೇಳಿದರೆ ನಾವು ಜಿಗಿಯಬೇಕು.

ಅವಳ ತುಟಿ ಅಲುಗಿತು. ಖಾಲಾ ಕಿವಿಗೆ ಕೈ ಹಿಡಿದಳು. “ಸುನಾಯಾ ನಹೀ! ಕೇಳಸಲಿಲ್ಲ!”

ಮತ್ತೆ ತುಟಿ ಅಲುಗಿತು. ನಾವು ಕಂಬದ ಹಾಗೆ ನಿಂತೆವು. ಚೆನ್ನಿ ಕಾಲು ಬಡಿದಳು, ಮಣೆ ಟಕ್ ಟಕ್ ಎಂದಿತು, ಅವಳು ಅತ್ತಳು. ಅಳುವುದೂ ಸದ್ದಿಲ್ಲದೆ. ನನಗೆ ತಡೆಯಲಾಗದೆ ಒಂದು ಹೆಜ್ಜೆ ಮುಂದಿಟ್ಟೆ. ಖಾಲಾ ನನ್ನ ಜಡೆ ಹಿಡಿದು ಹಿಂದಕ್ಕೆ ಎಳೆದಳು. ದಿನವೂ ಹೀಗೇ. ದಿನವೂ ಅವಳು ಅಳುವುದು, ನಾವು ಕಿವುಡರಾಗುವುದು.

ಯುಗಾದಿಯ ಮುನ್ನಾದಿನ ಆಯಿ ಬಂದಳು. ಬಂಡಿಯಲ್ಲಿ ಕಮಲಾಪುರದ ಕೆಂಬಾಳೆಯ ಗೊನೆ, ಬಂಡಿಯ ಹಿಂದಿನ ತುದಿಯಲ್ಲಿ ಕಾಲು ಇಳಿಬಿಟ್ಟು ಕೂತ ಬರೆ ಹಾಕುವ ಮುದುಕ, ಆಯಿಯ ಸೆರಗಿನಲ್ಲಿ ಗಂಟು. “ಬಾಯಿ ಬಿಟ್ಟಾಳೇನು?” ಎಂದಳು ಇಳಿಯುವ ಮುಂಚೆಯೇ. ಅಪ್ಪ ಬಾಳೆಗೊನೆ ಇಳಿಸಿಕೊಳ್ಳುವ ನೆಪದಲ್ಲಿ ಮುಖ ತಿರುಗಿಸಿದ. ಆಯಿ ಕಟ್ಟೆಯ ಮೇಲೆ ಕೂತಳು.

ನಾನು ಓಣಿಯಲ್ಲಿ ಮಣೆ ಹಾಕಿದೆ. ಖಾಲಾ ಆ ತುದಿಯಲ್ಲಿ ತನ್ನ ಬಾಗಿಲಿಗೆ ಬಂದು ನಿಂತಳು. ನಾನು ಅವಳ ಪಕ್ಕಕ್ಕೆ ಹೋದೆ, ಚೆನ್ನಿ ಮಣೆ ಏರಿದಳು. ತುಟಿ ಅಲುಗಿತು. ಕೇಳಸಲಿಲ್ಲ ಎಂದೆವು. ಅದೇ ಹೊತ್ತಿಗೆ ಓಣಿಯ ತಿರುವಿನಿಂದ ಅವ್ವ ಬಂದಳು, ಬಾವಿಯಿಂದ. ತಲೆಯ ಮೇಲೆ ಒಂದು ಕೊಡ, ಅದಕ್ಕೆ ಒಂದು ಕೈ. ಸೊಂಟದ ಮೇಲೆ ಇನ್ನೊಂದು, ಅದಕ್ಕೆ ಇನ್ನೊಂದು ಕೈ. ನಮ್ಮ ಪಕ್ಕದಲ್ಲೇ ನಿಂತು ದಾರಿಗಾಗಿ ಕಾಯ್ದಳು. ಚೆನ್ನಿ ಮೂವರನ್ನೂ ನೋಡಿದಳು. ಅವ್ವ ಈ ಆಟದಲ್ಲಿ ಒಮ್ಮೆಯೂ ಸೇರಿರಲಿಲ್ಲ. ಹುಡುಗಿ ಮಣೆಯ ಮೇಲೆ ಜಿಗಿದಳು, ಕಾಲು ಬಡಿಯಿತು, ಹುಪ್ ಎಂಬ ಆ ಗಾಳಿಯ ಬೆನ್ನೇರಿ ಹೊರಗೆ ಬಂತು:

“ಅವ್ವಾ! ಕೂಡ್!”

ಇಡೀ ಓಣಿಗೆ ಕೇಳಿಸಿತು. ಅವ್ವ ಬೆಚ್ಚಿಬಿದ್ದಳು. ಅವಳ ಕಣ್ಣು ಮೊದಲು ಓಣಿಯ ಎರಡೂ ಕಡೆ ಓಡಿತು, ಆ ಹಳೆಯ ಹೆದರಿಕೆಯಿಂದ. ಶ್ ಎಂದು ಬೆರಳು ತುಟಿಗೆ ಹೋಗಬೇಕಿತ್ತು. ಹೋಗಲು ಕೈ ಖಾಲಿ ಇರಲಿಲ್ಲ. ಆಮೇಲೆ ನನ್ನ ಅವ್ವ, ಹೊಸ್ತಿಲು ದಾಟುವಾಗಲೂ ಕಾಲಂದುಗೆ ಸದ್ದಾಗದಂತೆ ನಡೆಯುವುದನ್ನು ಕಲಿತಿದ್ದ ಹೆಂಗಸು, ಎರಡು ತುಂಬಿದ ಕೊಡ ಹೊತ್ತುಕೊಂಡು ನಡುಓಣಿಯಲ್ಲಿ ಜಿಗಿದಳು. ತಲೆಯ ಮೇಲಿನ ಕೊಡ ವಾಲಿ ನೀರೆಲ್ಲ ಮೈಮೇಲೆ ಬಿತ್ತು.

ಚೆನ್ನಿ ನಕ್ಕಳು. ಗಟ್ಟಿಯಾಗಿ.

“ಕೂಡಂದ್ರ ನೀ ಯಾಕ ಜಿಗಿದೆವ್ವಾ?” ಎಂದಳು ಆಯಿ ಕಟ್ಟೆಯ ಮೇಲಿಂದ. “ಅದು ಕನ್ನಡ ಆಡಿತೋ ಉರ್ದು ಆಡಿತೋ?”

“ದೋನೋ,” ಎಂದಳು ಖಾಲಾ ತನ್ನ ಬಾಗಿಲಿನಿಂದ. ಎರಡೂ.

ಆಯಿ ಆ ಬಾಗಿಲ ಕಡೆ ನೋಡಿದಳು. ಎದ್ದು ಬಂದು ಸೆರಗಿನ ಗಂಟು ಬಿಚ್ಚಿ, ಅರಿಶಿಣದ ಕೊಂಬನ್ನು ಕೊಡ ಇಳಿಸಿ ಒದ್ದೆಯಾಗಿ ನಿಂತಿದ್ದ ಅವ್ವನ ಕೈಗೆ ಹಾಕಿದಳು. “ನಾಳಿ ಪಲ್ಯಾಕ್ಕ ಕುಟ್ಟು. ಮುತ್ಯಾಗ ಒಂದು ಎಲಿ ಹಾಕು, ಸುಮ್ಮ ಬಂದಾನ ಪಾಪ. ಆ ಮನಿಗಿ ನಾಕು ಬಾಳಿಹಣ್ಣು ಕೊಡು.” ಬಾಳೆಹಣ್ಣು ಗೋಡೆಯ ಮೇಲಿಂದ ಹೋಗಲಿಲ್ಲ, ಮುಂಬಾಗಿಲಿನಿಂದ ಹೋಯಿತು. ಅವ್ವನೇ ಒಯ್ದಳು.

ಆಮೇಲೆ ಏನಾಯಿತು ಎಂದು ಕೇಳಬೇಡಿ. ಚೆನ್ನಿಯ ಬಾಯಿ ಇಂದಿಗೂ ಮುಚ್ಚಿಲ್ಲ. ಖಾಲಾ ತೀರಿಕೊಂಡಾಗ ಅವಳು ಮೂರು ಓಣಿಗೆ ಕೇಳುವಂತೆ ಅತ್ತಳು, ಎರಡೂ ಮಾತಿನಲ್ಲಿ. ನಾನು ನನ್ನ ಮಕ್ಕಳಿಗೆ, ಮೊಮ್ಮಕ್ಕಳಿಗೆ ಮಾತು ಕಲಿಸಿದ್ದು ಈ ಮಣೆಯ ಮೇಲೆಯೇ. ಅವರ ಮೊದಲ ಮಾತುಗಳಲ್ಲಿ ಅರ್ಧ ಜಿಗಿದು ಬಂದವು, ಅರ್ಧ ಬಿದ್ದು ಬಂದವು. ನಮ್ಮ ಮನೆಯಲ್ಲಿ ಮಕ್ಕಳಿಗೆ ಕೂಡು ಎನ್ನಬಹುದು. ಸುಮ್ಮನೆ ಕೂಡು ಎನ್ನುವಂತಿಲ್ಲ. ಸೊಸೆಯಂದಿರಿಗೆ ನಾನು ಹಾಕಿದ ಕಟ್ಟಳೆ ಇದೊಂದೇ, ಉಳಿದದ್ದನ್ನು ಅವರು ಹೇಗಾದರೂ ಮಾಡಿಕೊಳ್ಳಲಿ. ಪುಸ್ತಕದ ಕನ್ನಡದಲ್ಲಿ ಕೂಡು ಎಂದರೆ ಸೇರು ಎಂದೂ ಆಗುತ್ತದೆ ಎಂದು ಮಗನ ಪಾಟಿಯಲ್ಲಿ ಅಕ್ಷರ ಕಲಿಯುವಾಗ ತಿಳಿಯಿತು. ತಿಳಿದು ಬಹಳ ತಡವಾಗಿತ್ತು, ಆದರೂ ಸುಳ್ಳಲ್ಲ ಅನ್ನಿಸಿತು.

ಚೆನ್ನಿಯನ್ನು ಕೊಟ್ಟದ್ದು ಪಕ್ಕದ ತಾಜಸುಲ್ತಾನಪುರಕ್ಕೆ. ಈಗ ಅವಳಿಗೂ ಮೊಣಕಾಲು ನೋವು. ನೆಲಕ್ಕೆ ಕೂರಲಾರಳು, ಜಿಗಿಯುವುದಂತೂ ದೂರ. ಆದರೂ ಹದಿನೈದು ದಿನಕ್ಕೊಮ್ಮೆ ಬಸ್ಸು ಹತ್ತಿ ಬರುತ್ತಾಳೆ. ನಿನ್ನೆಯೂ ಬಂದಿದ್ದಳು. ಹೊಸ್ತಿಲಲ್ಲಿ ಚಪ್ಪಲಿ ಬಿಡುವಾಗಲೇ ಬಸ್ಸಿನ ಕಂಡಕ್ಟರನ ಕಥೆ ಶುರುವಾಗಿತ್ತು. ಮೊಮ್ಮಗನ ಹೆಂಡತಿ ಕುರ್ಚಿ ತರಲು ಒಳಗೆ ಓಡಿದಳು. ನಾನು ಗೋಡೆಗೊರಗಿದ್ದ ಮಣೆಯನ್ನು ತೆಗೆದು ನಡುಮನೆಯಲ್ಲಿ ಹಾಕಿ, ಕೂಡು ಎಂದೆ.

ಚೆನ್ನಿ ಕಂಡಕ್ಟರನನ್ನು ಅರ್ಧಕ್ಕೆ ಬಿಟ್ಟು, ಒಂದು ಕಾಲನ್ನು ಮಣೆಯ ಮೇಲೆ ಇಟ್ಟು, ಟಕ್ ಟಕ್ ಎಂದು ಆಡಿಸುತ್ತ ಕೇಳಿದಳು:

“ಯಾವ ಕೂಡು ಅಕ್ಕಾ, ನಿಂದೋ, ಖಾಲಾಂದೋ?”